ಅತ್ತೆಯ ಚಾಪೆಯ ಮೇಲಿಟ್ಟ ಹುರಿ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ನಾನು. ದೊಡ್ಡ ಮಾತುಗಳು ಒದಗುವುದಿಲ್ಲ, ಒದಗಿದವೂ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಒಂದೊಂದು ಸಾಲನ್ನೂ ಅಳಿಸಿ ಅಳಿಸಿ ಬರೆದದ್ದರಿಂದ ಕಾಗದ ಅಲ್ಲಲ್ಲಿ ತೆಳ್ಳಗಾಗಿದೆ. ಪಿಸೀಲಾ ಚಿಕ್ಕಮ್ಮ ನಮ್ಮ ಮನೆಯಲ್ಲಿ, ನನ್ನ ಕೋಣೆಯಲ್ಲೇ ಇದ್ದವಳು. ಅವಳ ಮನಸ್ಸಿನ ಮಾತೆಂದು ಇಲ್ಲಿ ಬರೆದಿರುವುದೆಲ್ಲ ಅವಳೇ ನನಗೆ ಹೇಳಿದ್ದು. ಇನ್ನೊಂದು ಕೋರಿಕೆ: ನಮ್ಮ ಮನೆಯವರ ಕೈಗೆ ಇದು ಸಿಕ್ಕರೆ, ಲೋಸೆ ಅಜ್ಜಿಗೆ ಇದರ ಕೊನೆಯ ಭಾಗವನ್ನು ಮಾತ್ರ ಓದಿ ಹೇಳಬೇಡಿ.

ಪಿಸೀಲಾ ಹುಟ್ಟಿದ್ದು ಟೊಂಗಾದ ಲೋಫಾಂಗಾ ಎಂಬ ಸಣ್ಣ ದ್ವೀಪದಲ್ಲಿ. ಅವಳ ಅಪ್ಪ ಹೇಮಾಲೋಟೋ ತೆಂಗಿನ ನಾರಿನಿಂದ ಹುರಿ ಹೊಸೆಯುವವನು. ಸಿಪ್ಪೆಯನ್ನು ಸಮುದ್ರದ ಹಿನ್ನೀರಿನಲ್ಲಿ ಕಲ್ಲು ಹೇರಿ ನೆನೆಹಾಕಿ, ಬಡಿದು, ಒಣಗಿಸಿ, ಎಳೆಎಳೆಯಾಗಿ ತೊಡೆಯ ಮೇಲೆ ಹೊಸೆದು, ಆಮೇಲೆ ಜಡೆಯಂತೆ ಹೆಣೆಯುತ್ತಿದ್ದ. ಮೊಳೆಯಿಲ್ಲದೆ ಕಂಬಕ್ಕೆ ತೊಲೆಯನ್ನು ಆ ಹುರಿಯಿಂದ ಬಿಗಿದು ಕಟ್ಟುವುದು ಅವನ ಕಸುಬು. ಪಿಸೀಲಾ ಚಿಕ್ಕವಳಿದ್ದಾಗ ಬಂದ ಒಂದು ಚಂಡಮಾರುತದಲ್ಲಿ ಮೊಳೆ ಹೊಡೆದ ಹೊಸ ಶಾಲೆಯ ಚಾವಣಿ ಹಾರಿ ಸಮುದ್ರಕ್ಕೆ ಬಿತ್ತು. ಹೇಮಾಲೋಟೋ ಕಟ್ಟಿದ, ದೋಣಿಗಳನ್ನಿಡುವ ಮನೆ ಮೇಲಿನ ತೆಂಗಿನ ಗರಿಯನ್ನಷ್ಟೇ ಕಳೆದುಕೊಂಡು ನಿಂತಿತ್ತು. ಶಾಲೆಯನ್ನು ಮತ್ತೆ ಕಟ್ಟುವಾಗ ಅವನು ಹುರಿಯಲ್ಲಿ ಬಿಗಿಯೋಣವೆಂದ. ರಾಜಧಾನಿಯಿಂದ ಬಂದ ಅಧಿಕಾರಿ ನಕ್ಕು, "ಇದು ಎಷ್ಟು ಭಾರ ತಡೆಯುತ್ತೆ ಅಂತ ಯಾವ ಪುಸ್ತಕದಲ್ಲಿದೆ ತೋರ್ಸು, ನೋಡೋಣ" ಎಂದ. ಯಾವ ಪುಸ್ತಕದಲ್ಲೂ ಇರಲಿಲ್ಲ. ಶಾಲೆಗೆ ಮತ್ತೆ ಮೊಳೆಯನ್ನೇ ಹೊಡೆದರು.

ಆ ಪುಸ್ತಕವನ್ನು ತಾನು ಬರೆಯಬೇಕೆಂದು ಪಿಸೀಲಾ ಆಗಲೇ ನಿಶ್ಚಯಿಸಿದಳೋ, ದೊಡ್ಡವಳಾದ ಮೇಲೋ, ಅವಳಿಗೇ ನೆನಪಿಲ್ಲ. ಅಂತೂ ಎಂಜಿನಿಯರಿಂಗ್ ಓದಿ, ವಿದ್ಯಾರ್ಥಿವೇತನ ಪಡೆದು, ಡಾಕ್ಟರೇಟ್ ಮಾಡಲು ಆಕ್ಲೆಂಡಿಗೆ ಬಂದಳು. ಅಲ್ಲಿನ ಮಾಂಗೆರೆ ಬಡಾವಣೆಯ ನಮ್ಮ ಮನೆಯಲ್ಲಿ ಇಳಿದುಕೊಂಡಳು. ನಮ್ಮಜ್ಜಿ ಲೋಸೆ ಅವಳಿಗೆ ಸೋದರತ್ತೆ, ಹೇಮಾಲೋಟೋನ ಅಕ್ಕ.

ಸೋದರತ್ತೆ ಎಂದರೆ ನಮ್ಮಲ್ಲಿ ಮನೆಗೆ ದೊಡ್ಡವಳು. ಅಪ್ಪನೂ ಅವಳ ಮುಂದೆ ತಗ್ಗಿ ನಿಲ್ಲಬೇಕು. ಪಿಸೀಲಾ ಮನೆಯಲ್ಲಿ ಅಜ್ಜಿ ಕೂತ ಕುರ್ಚಿಯ ಹಿಂದಿನಿಂದ ಹಾಯುವಾಗ ಬಗ್ಗಿ ಹಾಯುತ್ತಿದ್ದಳು. ಅಜ್ಜಿ ಉಂಡ ಮೇಲೆ ಉಣ್ಣುತ್ತಿದ್ದಳು. ಅಜ್ಜಿ ಮಾತ್ರ ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಒಳ್ಳೆಯ ತುಂಡನ್ನು ಅವಳಿಗೆಂದೇ ತೆಗೆದಿಟ್ಟು, "ತಿನ್ನು, ಬರೀ ಲೆಕ್ಕ ತಿಂದ್ರೆ ಹೊಟ್ಟೆ ತುಂಬಲ್ಲ" ಎನ್ನುತ್ತಿದ್ದಳು.

ಪಿಸೀಲಾಳ ಕೆಲಸ ಹೀಗಿತ್ತು. ಪ್ರಯೋಗಾಲಯದಲ್ಲಿ ಒಂದು ಕಂಬ, ಒಂದು ತೊಲೆ. ಅಪ್ಪನ ಹುರಿಯಿಂದ, ಅಪ್ಪ ಕಲಿಸಿದ ಕಟ್ಟಿನಲ್ಲಿ ಅವೆರಡನ್ನೂ ಬಿಗಿದು ಯಂತ್ರಕ್ಕೆ ಕೊಡುವಳು. ಬಿರುಗಾಳಿ ಎಳೆದಂತೆ ಯಂತ್ರ ಅದನ್ನು ಅತ್ತ ಇತ್ತ ಎಳೆಯುವುದು, ಹುರಿ ಕಿತ್ತುಹೋಗುವ ತನಕ. ಕಿತ್ತುಹೋದ ಮೇಲೆ ಮತ್ತೊಂದು ಕಟ್ಟು. ನಮ್ಮಪ್ಪ ಸೈಮೋನೆ ಸಂಜೆ ಟ್ರಕ್ ನಿಲ್ಲಿಸಿ ಬಂದವನೇ ಕೇಳುತ್ತಿದ್ದ:

"ಏನ್ ಡಾಕ್ಟ್ರಮ್ಮಾ, ಇವತ್ತು ಏನೇನು ಕಿತ್ತಾಕಿದೆ?"

"ಎರಡು ಕಟ್ಟು, ಭಾವ."

"ಇಷ್ಟು ವರ್ಷ ಓದಿ ಹಗ್ಗ ಕೀಳೋದಾ? ನಮ್ಮ ನಾಯೀನ ಕರ್ಕೊಂಡು ಹೋಗು, ಒಂದೇ ದಿನದಲ್ಲಿ ಪದವಿ ತಗೊಂಡ್ಬರುತ್ತೆ."

"ನಾಯಿಗೆ ಇಂಗ್ಲಿಷ್ ಬರಲ್ವಲ್ಲ ಭಾವ."

"ನಿಂಗೆ ಬರುತ್ತಾ?"

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕೋಣೆಗೆ ಬಂದ ಮೇಲೆ ಮಾರ್ಗದರ್ಶಕಿ ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಒಮ್ಮೆ ಎಲ್ಲರೆದುರು ತನ್ನ ಕೆಲಸವನ್ನು ವಿವರಿಸುವಾಗ ಯಾರೋ ಎದ್ದು, "ನೈಲಾನ್ ಹಗ್ಗ ಇರುವಾಗ ಇದೆಲ್ಲ ಯಾಕೆ?" ಎಂದು ಕೇಳಿದನಂತೆ. ಉತ್ತರ ಅವಳಲ್ಲಿತ್ತು: ನೈಲಾನ್ ಲೋಫಾಂಗಾದ ಮರದಲ್ಲಿ ಕಾಯಾಗಿ ಬಿಡುವುದಿಲ್ಲ. ಆದರೆ ಆ ಮಾತು ಬಾಯಿಗೆ ಬಂದದ್ದು ಮನೆಗೆ ಬರುವ ಬಸ್ಸಿನಲ್ಲಿ. ಅವಳ ಪಕ್ಕದ ಮೇಜಿನ ಗೆಳತಿ, ಇರಾನಿನ ಬೆಹ್ನೂಶ್, ಸಮಾಧಾನ ಮಾಡಿದ್ದಳು: "ಬಿಡೇ. ಅವನ ಮನೆ ಚಾವಣಿ ಹಾರಿದ ದಿನ ಒಂದು ಸುರುಳಿ ನೈಲಾನ್ ಕಳ್ಸೋಣ, ಹೂಗುಚ್ಛದ ಜೊತೆ."

ಭಾನುವಾರ ಚರ್ಚು ಮುಗಿಸಿ ಬಂದ ಮೇಲೆ ಊರಿನಿಂದ ಅಪ್ಪನ ಫೋನು. ಪ್ರತಿ ಸಲವೂ ಅದೇ ಮಾತು.

"ಕಿತ್ತೆಯಾ?"

"ಕಿತ್ತೆ ಅಪ್ಪಾ."

"ಎಷ್ಟು ತಡೀತು?"

"ಹೋದ ಸಲಕ್ಕಿಂತ ಜಾಸ್ತಿ."

"ಹಾಂ! ನಿನ್ನ ಗಾಳಿಗೆ ಹೇಳು, ಊಟ ಮಾಡ್ಕೊಂಡು ಬರ್ಲಿ ಅಂತ." ಆಮೇಲೆ ಅವನ ನಗು, ಕೆಮ್ಮು, ಹಿಂದೆ ಕೋಳಿಗಳ ಸದ್ದು. ತಾನು ಹೊಸೆದದ್ದನ್ನು ಮಗಳು ಹರಿದುಹಾಕುತ್ತಿದ್ದಾಳೆಂದು ಅವನಿಗೆ ಒಂದು ದಿನವೂ ಬೇಸರವಾಗಲಿಲ್ಲ.

ಉಳಿದದ್ದು ಉಪ್ಪಿನ ಪರೀಕ್ಷೆ ಒಂದೇ. ಕಟ್ಟುಗಳನ್ನು ಉಪ್ಪುಮಂಜಿನ ಪೆಟ್ಟಿಗೆಯೊಳಗಿಟ್ಟು, ವರ್ಷಗಟ್ಟಲೆ ಕಡಲ ಗಾಳಿ ಕುಡಿದಂತೆ ಹಳೆಯದಾಗಿಸಿ, ಆಮೇಲೆ ಎಳೆಯಬೇಕು. ಅವಳ ಮಾರ್ಗದರ್ಶಕಿ ಹೆಲೆನ್ ಪ್ರೆಸ್ಕಾಟ್ ಎಂಬ ನೇರ ಮಾತಿನ ಹೆಂಗಸು ಮೊದಲೇ ಹೇಳಿದ್ದಳು: "ಹೊಸ ಕಟ್ಟು ಗಟ್ಟಿಯಾಗಿದೆ, ಒಪ್ಪಿದೆ. ಆದರೆ ಸಮುದ್ರದ ಪಕ್ಕ ಹಳೇದಾದ ಮೇಲೆ? ಜನ ಅದರ ಕೆಳಗೆ ಮಲಗ್ತಾರೆ, ಪಿಸೀಲಾ. ಅದಕ್ಕೆ ಉತ್ತರ ಇಲ್ಲದಿದ್ರೆ ಪರೀಕ್ಷಕರು ಡಾಕ್ಟರೇಟ್ ಕೊಡಲ್ಲ." ಹುರಿಯೂ ಹೇಮಾಲೋಟೋನದೇ ಆಗಿರಬೇಕಿತ್ತು. ಬೇರೆ ಕೈಯ ಹುರಿಗೆ ಬೇರೆ ದಪ್ಪ, ಬೇರೆ ತಿರುಚು; ಹಿಂದಿನ ಫಲಿತಾಂಶಗಳೊಂದಿಗೆ ಅದನ್ನು ಹೋಲಿಸಲಾಗದು.

ಉಪ್ಪಿನ ಪೆಟ್ಟಿಗೆಯನ್ನು ಬೇರೆಯವರು ಬಳಸುತ್ತಿದ್ದರು. ಅವಳ ಸರದಿ ಬರುವಷ್ಟರಲ್ಲಿ ಅಪ್ಪ ಒಂದು ದೊಡ್ಡ ಸುರುಳಿಯನ್ನು ಊರಿನಿಂದ ಬರುವವರ ಕೈಲಿ ಕಳಿಸಿದ್ದ. ಕುಂಬಳಕಾಯಿಯಷ್ಟು ದಪ್ಪ, ಕೆಂಚು ಬಣ್ಣ, ಮೂಗಿಗೆ ಹಿಡಿದರೆ ಹೊಗೆ ಮತ್ತು ಹಿನ್ನೀರಿನ ವಾಸನೆ. "ಇದೇ ಕೊನೇದು ಅಂದ್ಕೋ. ಬೆರಳು ಮಾತು ಕೇಳ್ತಿಲ್ಲ" ಎಂದಿದ್ದ ಫೋನಿನಲ್ಲಿ. ಪಿಸೀಲಾ ಅದನ್ನು ಪ್ರಯೋಗಾಲಯದ ಕಪಾಟಿನಲ್ಲಿ ಬೀಗ ಹಾಕಿಟ್ಟಳು. ಮನೆಗೆ ತರಲಿಲ್ಲ. ಮನೆಗೆ ತಂದದ್ದು ಅತ್ತೆಯ ಕಣ್ಣಿಗೆ ಬಿದ್ದು ಅತ್ತೆ ಚೆನ್ನಾಗಿದೆ ಎಂದರೆ ಕೊಟ್ಟುಬಿಡಬೇಕು, ನಮ್ಮಲ್ಲಿ ಹಾಗೆ. ಅಷ್ಟು ಎಚ್ಚರ ಅವಳಿಗಿತ್ತು.

ಪೆಟ್ಟಿಗೆ ಖಾಲಿಯಾದ ದಿನ ಬೆಳಿಗ್ಗೆ ಅವಳು ಸುರುಳಿಯನ್ನು ಮೇಜಿನ ಮೇಲಿಟ್ಟುಕೊಂಡು ತುದಿ ಹುಡುಕುತ್ತಿದ್ದಳು. ತಲೆ ಎತ್ತಿದರೆ ಬಾಗಿಲಲ್ಲಿ ಸೈಮೋನೆ. ಟ್ರಕ್ಕಿನ ಬಟ್ಟೆಯಲ್ಲೇ ಇದ್ದ. ಟೋಪಿ ಕೈಯಲ್ಲಿತ್ತು.

"ಏನ್ ಭಾವ, ನಾಯಿ ಎಲ್ಲಿ?"

ಅವನು ನಗಲಿಲ್ಲ. "ಮನೆಗೆ ಬಾ."

"ಅತ್ತೆಗೆ ಏನಾಯ್ತು?"

"ಅತ್ತೆ ಚೆನ್ನಾಗಿದ್ದಾರೆ. ಬಾಮ್ಮಾ."

ಅತ್ತೆ ಚೆನ್ನಾಗಿದ್ದರೆ ಇನ್ಯಾರೆಂದು ಅವಳಿಗೆ ತಿಳಿಯಿತು. ಅವಳು ಅಳಲಿಲ್ಲ. ಮೇಜಿನ ಮೇಲಿದ್ದುದನ್ನು ಎತ್ತಿ ಎದೆಗೆ ಒತ್ತಿಕೊಂಡು ಹೊರಟಳು. ಕಪಾಟಿನ ಬಾಗಿಲು ತೆರೆದೇ ಇತ್ತು.

ಮನೆ ಆಗಲೇ ತುಂಬಿತ್ತು. ಎಲ್ಲರೂ ಕಪ್ಪು ಬಟ್ಟೆ ಉಟ್ಟು, ಹಬ್ಬಕ್ಕೂ ಸಾವಿಗೂ ನಮ್ಮಲ್ಲಿ ಸುತ್ತುವ ಹಾಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದರು. ನಡುಮನೆಯ ಗೋಡೆಗೆ ಒರಗಿ ಲೋಸೆ ಅಜ್ಜಿ ಕೂತಿದ್ದಳು. ಮುಂದೆ ಒಂದು ದೊಡ್ಡ ಚಾಪೆ. ಬಂಧುಗಳು ಒಬ್ಬೊಬ್ಬರಾಗಿ ಮಂಡಿಯ ಮೇಲೆ ಸರಿದು ಬಂದು ನಯವಾದ ಚಾಪೆಗಳನ್ನು, ಮರದ ತೊಗಟೆ ಬಡಿದು ಮಾಡಿದ ಬಟ್ಟೆಗಳನ್ನು ಅದರ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಸತ್ತವನ ಅಕ್ಕನಿಗೆ ಸಲ್ಲಬೇಕಾದದ್ದು ಅದು. ಅಲ್ಲಿಟ್ಟದ್ದು ಅವಳದಾಯಿತು, ಅದನ್ನು ಯಾರಿಗೆ ಕೊಡುವುದು, ಯಾವುದನ್ನು ಮಣ್ಣಿಗೆ ಹಾಕುವುದು, ಎಲ್ಲ ಅವಳ ಮಾತು.

ಪಿಸೀಲಾ ಹೊಸ್ತಿಲಲ್ಲಿ ನಿಂತಳು. ಸತ್ತವನ ಮಗಳು ಸಾವಿನ ಮನೆಯಲ್ಲಿ ಎಲ್ಲರಿಗಿಂತ ಕೆಳಗಿನವಳು. ಯಾರೋ ಅವಳ ಸೊಂಟಕ್ಕೆ ಹರಕು ಚಾಪೆಯೊಂದನ್ನು ಬಿಗಿದರು, ಜಡೆ ಬಿಚ್ಚಿದರು. ಓದಲು ಬಂದ ಹುಡುಗಿ, ಕೊಡಲು ಅವಳ ಬಳಿ ಒಂದು ಚಾಪೆಯೂ ಇರಲಿಲ್ಲ. ಅತ್ತೆಯ ಮುಂದೆ ಬರಿಗೈಯಲ್ಲಿ ಹೋಗುವುದು ಹೇಗೆ? ಕೈಯಲ್ಲಿ ಅಪ್ಪನ ಹುರಿಯಿತ್ತು. ಅತ್ತೆಗೆ ತೋರಿಸಬೇಕು, ತಮ್ಮನ ಕೈಯ ಕೆಲಸವನ್ನು ಒಮ್ಮೆ ಮುಟ್ಟಿ ಅಳಲಿ, ಮತ್ತೆ ತೆಗೆದುಕೊಂಡು ಹೋಗುತ್ತೇನೆ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ನಿಂತುಕೊಂಡು, ಕೈಯಲ್ಲೇ ಹಿಡಿದು ತೋರಿಸಿದ್ದರೆ ಆಗುತ್ತಿತ್ತು. ಬೆಹ್ನೂಶ್ ಆಗಿದ್ದರೆ ಹಾಗೇ ಮಾಡುತ್ತಿದ್ದಳು. ಆದರೆ ಪಿಸೀಲಾಳ ಮೈಗೆ ಬೇರೆ ಯಾವ ರೀತಿಯೂ ಗೊತ್ತಿರಲಿಲ್ಲ. ಮಂಡಿಯ ಮೇಲೆ ಸರಿದು ಬಂದಳು, ತಲೆ ತಗ್ಗಿಸಿದಳು, ಎರಡೂ ಕೈಯಿಂದ ಸುರುಳಿಯನ್ನು ಚಾಪೆಯ ಮೇಲಿಟ್ಟಳು. ಇಟ್ಟ ಕೈ ಹಿಂದೆ ಬರುವಾಗಲೇ ಏನು ಮಾಡಿದೆನೆಂದು ಅವಳಿಗೆ ಅರಿವಾಯಿತು.

ಅಜ್ಜಿ ಅದನ್ನೆತ್ತಿ ಮೂಗಿಗೆ ಹಿಡಿದಳು. ಆಮೇಲೆ ಕೆನ್ನೆಗೆ ಒತ್ತಿಕೊಂಡು, ರಾಗವಾಗಿ ಅಳತೊಡಗಿದಳು. "ನೋಡ್ರೋ, ನನ್ನ ತಮ್ಮ ತನ್ನ ಹುರೀನ ತಾನೇ ಹೊಸೆದು ಕಳಿಸಿದ್ದಾನೆ! ಅಕ್ಕಾ, ಇದ್ರಲ್ಲೇ ನನ್ನ ಕಟ್ಟು ಅಂತ ಕಳಿಸಿದ್ದಾನೆ!" ಇಡೀ ಮನೆ ಅವಳ ಜೊತೆ ಅತ್ತಿತು. ಪಿಸೀಲಾ ಹಣೆಯನ್ನು ನೆಲಕ್ಕೆ ಒತ್ತಿಕೊಂಡು ಅತ್ತಳು. ಅವಳು ಯಾವುದಕ್ಕಾಗಿ ಅಳುತ್ತಿದ್ದಾಳೆಂದು ಯಾರೂ ಬೇರೆ ಮಾಡಿ ನೋಡಲಿಲ್ಲ. ಅವಳಿಗೂ ಬೇರೆ ಮಾಡಲಾಗಲಿಲ್ಲ.

ಅಜ್ಜಿಯೂ ಅವಳೂ ವಿಮಾನದಲ್ಲಿ, ಆಮೇಲೆ ಹಡಗಿನಲ್ಲಿ, ಕೊನೆಗೆ ಸಣ್ಣ ದೋಣಿಯಲ್ಲಿ ಲೋಫಾಂಗಾಕ್ಕೆ ಹೋದರು. ಅಕ್ಕ ಬರುವ ತನಕ ಹೆಣವನ್ನು ಮಣ್ಣು ಮಾಡದೆ ಇಟ್ಟುಕೊಂಡಿದ್ದರು. ಅಜ್ಜಿಯನ್ನು ತಮ್ಮನ ತಲೆಯ ಬಳಿ ಕೂರಿಸಿದರು. ಮಗಳ ಜಾಗ ಹಿತ್ತಲಲ್ಲಿ, ಮಣ್ಣಿನೊಲೆಯ ಹೊಗೆಯಲ್ಲಿ. ಬಂದವರಿಗೆಲ್ಲ ಕೆಸುವಿನಗಡ್ಡೆ ಬೇಯಿಸುತ್ತ, ಹಂದಿಮಾಂಸ ಕೊಯ್ದು ಕಳಿಸುತ್ತ, ಪಿಸೀಲಾಗೆ ಅಪ್ಪನ ಮುಖವನ್ನು ದೂರದಿಂದಲೂ ಸರಿಯಾಗಿ ನೋಡಲಾಗಲಿಲ್ಲ.

ಮಣ್ಣು ಮಾಡುವ ದಿನ ಬೆಳಿಗ್ಗೆ ಅಜ್ಜಿ ಕೈ ತೊಳೆಯಲು ಹಿತ್ತಲಿಗೆ ಬಂದಳು. ಪಿಸೀಲಾ ತಂಬಿಗೆಯಿಂದ ನೀರು ಹಾಕಿದಳು. ಅಜ್ಜಿಯ ತೋಳಿನಲ್ಲಿ ಬಳೆಯಂತೆ ಆ ಸುರುಳಿ ನೇತಾಡುತ್ತಿತ್ತು.

"ಸೊರಗಿಬಿಟ್ಟಿದ್ದೀಯ ಮಗಳೇ. ಏನಾದ್ರೂ ಬೇಕಾ ನಿಂಗೆ? ಕೇಳು. ಏನಿದ್ರೂ ಕೇಳು."

ಒಂದೇ ಮಾತು ಸಾಕಿತ್ತು. ಆ ಮಾತು ಗಂಟಲ ತನಕ ಬಂದಿತ್ತೆಂದು ಪಿಸೀಲಾ ನನಗೆ ಹೇಳಿದಳು. ಅಜ್ಜಿಯ ಕಣ್ಣು ಅತ್ತೂ ಅತ್ತೂ ಮುಚ್ಚಿಹೋದಂತಿತ್ತು. ಬೆರಳು ಮಾತ್ರ ಹುರಿಯನ್ನು ಸವರುತ್ತಿತ್ತು.

"ಏನೂ ಬೇಡ ಅತ್ತೆ. ನೀರು ಸಾಕಾ?"

"ಸಾಕು."

ಹೇಮಾಲೋಟೋನನ್ನು ಚಾಪೆಯಲ್ಲಿ ಸುತ್ತಿ, ಅವನದೇ ಹುರಿಯಿಂದ, ಸುರುಳಿ ಮುಗಿಯುವ ತನಕ, ಉದ್ದಕ್ಕೂ ಬಿಗಿದರು. ಕಟ್ಟಿದವರಿಗೆ ಅವನ ಕಟ್ಟು ಬರುತ್ತಿರಲಿಲ್ಲ. ಗಂಟು ಸಡಿಲವಾಗಿದ್ದುದು ಹಿತ್ತಲಿನಿಂದಲೇ ಅವಳಿಗೆ ಕಂಡಿತು. ಇಳಿಸುವಾಗ ಒಂದು ಸುತ್ತು ಜಾರಿತು. ಮೇಲೆ ಬಿಳಿ ಮರಳು, ಹವಳದ ಪುಡಿ ಬಿತ್ತು.

ಶೋಕದ ದಿನಗಳು ಮುಗಿದಾಗ ಅಜ್ಜಿ ಪದ್ಧತಿಯಂತೆ ಅವಳ ಕೂದಲನ್ನು ಕತ್ತರಿಸಿದಳು. ಸೊಂಟ ಮುಟ್ಟುತ್ತಿದ್ದ ಜಡೆ ಕಿವಿಯ ತನಕ ಬಂತು. ಆಕ್ಲೆಂಡಿನಲ್ಲಿ ಪ್ರಯೋಗಾಲಯದ ಹುಡುಗರು, "ಓಹೋ, ಹೊಸ ಸ್ಟೈಲು! ಚೆನ್ನಾಗಿ ಒಪ್ಪುತ್ತೆ" ಎಂದರು. ಅವಳು "ಥ್ಯಾಂಕ್ಸ್" ಎಂದಳು.

ಹೆಲೆನ್ ಬಾಗಿಲು ಮುಚ್ಚಿ, ಟೀ ಮಾಡಿಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು.

"ಮೊದಲೇ ನಿಮ್ಮತ್ತೇನ ಕೇಳ್ಬಹುದಿತ್ತಲ್ಲ? ಕೊಡ್ತಿರಲಿಲ್ವಾ?"

"ಕೊಡ್ತಿದ್ರು. ತಕ್ಷಣ ಕೊಡ್ತಿದ್ರು."

"ಮತ್ತೆ?"

ತಮ್ಮನ ಸಾವಿನಲ್ಲಿ ಅಕ್ಕನ ಕೈಯಿಂದ ವಾಪಸ್ಸು ಪಡೆದದ್ದು ಎಂಬ ಹೆಸರು ಆ ಹುರಿಗೆ ಬಂದುಬಿಡುತ್ತಿತ್ತು; ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಪಿಸೀಲಾಗೆ ತಿಳಿಯಲಿಲ್ಲ. "ಕೇಳೋಕೆ ಆಗ್ಲಿಲ್ಲ" ಎಂದಳು.

ಹೆಲೆನ್ ಒಳ್ಳೆಯವಳು. ಎಲ್ಲೆಲ್ಲಿಗೋ ಬರೆದು ಸ್ವಲ್ಪ ಗಡುವು ಕೊಡಿಸಿದಳು. ಆದರೆ ಬೇರೆ ಕೈಯ ಹುರಿ ತಂದರೆ ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಮಾಡಬೇಕು. ಅಷ್ಟು ಕಾಲ ವಿದ್ಯಾರ್ಥಿವೇತನವೂ ಇರುವುದಿಲ್ಲ, ವೀಸಾವೂ ಇರುವುದಿಲ್ಲ. ಆದಷ್ಟು ಕೆಲಸಕ್ಕೆ ಕೆಳಗಿನ ಪದವಿಯೊಂದನ್ನು ತೆಗೆದುಕೊಂಡು ಹೋಗಬಹುದೆಂದರು.

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಹೇಳಿದವಳು ಬೆಹ್ನೂಶ್, ಪಾಪ, ಏನೂ ತಿಳಿಯದೆ. ಒಂದು ಶನಿವಾರ ಕೇಸರಿ ಹಾಕಿದ ಅನ್ನ ಮಾಡಿಕೊಂಡು ದುಃಖ ಕೇಳಲು ಬಂದವಳು ಅಜ್ಜಿಯ ಕೈ ಹಿಡಿದುಕೊಂಡು, "ಅಪ್ಪನೂ ಹೋದ್ರು, ಅವರ ಹುರೀನೂ ಹೋಯ್ತು. ಡಾಕ್ಟರೇಟೂ ಹೋಯ್ತು. ಇವಳಿಗೆ ಎಷ್ಟು ಕಷ್ಟ ಅಲ್ವಾ ಅಮ್ಮಾ?" ಎಂದುಬಿಟ್ಟಳು.

ಅಜ್ಜಿಗೆ ಇಂಗ್ಲಿಷು ಕಡಿಮೆ, ಆದರೆ ಅಷ್ಟು ಬರುತ್ತದೆ. ಗೆಳತಿಗೆ ಊಟ ಬಡಿಸಿ, ಬಾಗಿಲ ತನಕ ಹೋಗಿ ಬೀಳ್ಕೊಟ್ಟು, ಆಮೇಲೆ ಪಿಸೀಲಾಳನ್ನು ಕರೆದಳು.

"ಆ ಹುರಿ ನಿನ್ನ ಓದಿಂದಾ?"

"ಅಪ್ಪಂದು, ಅತ್ತೆ."

"ಕೇಳಿದ್ದಕ್ಕೆ ಉತ್ತರ ಹೇಳು."

"...ಹೌದು."

"ನೀರು ಹಾಕುವಾಗ ಕೇಳಿದ್ನಲ್ಲೇ ನಾನು, ಏನು ಬೇಕು ಅಂತ! ಬಾಯಲ್ಲಿ ಏನಿತ್ತು ನಿಂಗೆ, ಕಡುಬಾ?"

ಅಜ್ಜಿ ಕೂತಲ್ಲೇ ಕೈಯಿಂದ ತೊಡೆಯನ್ನು ಹೊಡೆದುಕೊಂಡಳು. "ಅವನು ಮಗಳು ಓದ್ಲಿ ಅಂತ ಹೊಸೆದ. ನಾನು ಮಣ್ಣಿಗೆ ಹಾಕ್ದೆ. ಅಯ್ಯೋ ತಮ್ಮಾ, ನನ್ನ ತಮ್ಮಾ..." ಆ ಅಳುವಿನಲ್ಲಿ ರಾಗವಿರಲಿಲ್ಲ. ಅತ್ತೆಯನ್ನು ಮುಟ್ಟಿ ಸಮಾಧಾನ ಮಾಡುವ ಸಲಿಗೆ ಪಿಸೀಲಾಗಿಲ್ಲ. ಅವಳು ಹತ್ತಿರದಲ್ಲೇ ನೆಲದ ಮೇಲೆ ಕೂತಿದ್ದಳು, ಅಷ್ಟೆ.

ಸೋಮವಾರ ಅಜ್ಜಿ ಸೈಮೋನೆಯನ್ನು ಓಟಾಹುಹು ಸಂತೆಗೆ ಅಟ್ಟಿದಳು. ಅವನು ಸಿಪ್ಪೆಯಿದ್ದ ತೆಂಗಿನಕಾಯಿ ಹುಡುಕಿ ತಂದ. ಹಿತ್ತಲ ಪೀಪಾಯಿಯಲ್ಲಿ ಉಪ್ಪುನೀರು ಮಾಡಿ ನೆನೆಹಾಕಿದಳು, ಬಡಿದಳು, ತಂತಿಯ ಮೇಲೆ ಒಣಹಾಕಿದಳು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕದಲ್ಲಿ ಕೂತು ತಾನೂ ತಮ್ಮನೂ ಹೊಸೆಯುತ್ತಿದ್ದೆವೆಂದಳು. ಆ ಕಾಯಿಗಳ ನಾರು ಗಿಡ್ಡ. ಅಜ್ಜಿಯ ಬೆರಳ ಗೆಣ್ಣುಗಳು ಊದಿವೆ. ತೊಡೆಯ ಚರ್ಮ ಕೆಂಪಾಗಿ ಸುಲಿಯುವ ತನಕ ಹೊಸೆದಳು. ಕೊನೆಗೆ ಒಂದು ಕಟ್ಟಿಗೆ ಸಾಲುವಷ್ಟು ಹುರಿಯಾಯಿತು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ.

"ತಗೊಂಡ್ಹೋಗು. ನಿಮ್ಮಪ್ಪನ ಮನೆತನದ್ದೇ ಕೈ ಇದು. ಯಂತ್ರಕ್ಕೆ ಅಷ್ಟೆಲ್ಲ ಗೊತ್ತಾಗಲ್ಲ."

"ಆಯ್ತು ಅತ್ತೆ."

ಅದನ್ನು ಪರೀಕ್ಷಿಸಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಪಿಸೀಲಾ ಕಂಬಕ್ಕೆ ತೊಲೆಯನ್ನಿಟ್ಟು, ಎಂದಿಗಿಂತ ಜಾಗರೂಕತೆಯಿಂದ, ಅಪ್ಪನ ಕಟ್ಟನ್ನು ಕಟ್ಟಿದಳು. ಬೆಹ್ನೂಶ್ ಪಕ್ಕದಲ್ಲಿ ನಿಂತಿದ್ದಳು. ಯಂತ್ರ ಅತ್ತ ಒಮ್ಮೆ ಎಳೆಯಿತು, ಇತ್ತ ಒಮ್ಮೆ. ಹುರಿ ಕಿತ್ತು ಬಂತು. ಅಂಥ ಗಾಳಿಗೆ ಲೋಫಾಂಗಾದಲ್ಲಿ ಯಾರೂ ಒಣಹಾಕಿದ ಬಟ್ಟೆಯನ್ನೂ ಒಳಗೆ ತರುವುದಿಲ್ಲ. ಪಿಸೀಲಾ ಯಂತ್ರ ನಿಲ್ಲಿಸಿ, ಬಿದ್ದ ನಾರಿನ ಚೂರುಗಳನ್ನು ಒಂದೂ ಬಿಡದೆ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಅಪ್ಪ ಹೋದ ಮೇಲೆ ಪ್ರಯೋಗಾಲಯದಲ್ಲಿ ಅವಳು ಅತ್ತದ್ದು ಆಗ ಮಾತ್ರ.

ಸಂಜೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು.

"ಕಿತ್ತೆಯಾ?"

"ಕಿತ್ತೆ ಅತ್ತೆ."

"ಎಷ್ಟು ತಡೀತು?"

ಪಿಸೀಲಾ ಚಪ್ಪಲಿ ಬಿಡುತ್ತ ಬಗ್ಗಿದ್ದಳು. ಬಗ್ಗಿದವಳು ಏಳಲು ತಡ ಮಾಡಿದಳು. "ತುಂಬಾ ತಡೀತು. ಅಪ್ಪನ ಹುರಿಗಿಂತ ಒಂಚೂರು ಕಮ್ಮಿ, ಅಷ್ಟೆ."

"ನೋಡ್ದಾ! ಇನ್ನೂ ಹೊಸೀತೀನಿ. ಸಾಲದಿದ್ರೆ ಹೇಳು."

"ಇಷ್ಟೇ ಸಾಕಾಯ್ತು ಅತ್ತೆ. ಪದವಿ ಕೊಡ್ತಾರಂತೆ."

ಕೊಟ್ಟರು. ಕೆಳಗಿನದನ್ನು ಕೊಟ್ಟರು. ಸಮಾರಂಭಕ್ಕೆ ಅಜ್ಜಿ ಸೊಂಟಕ್ಕೆ ಹೊಸ ಚಾಪೆ ಸುತ್ತಿಕೊಂಡು ಬಂದು, ಮುಂದಿನ ಸಾಲಿನಲ್ಲಿ ಕೂತು, ಪಿಸೀಲಾಳ ಹೆಸರು ಕೂಗಿದಾಗ ಎದ್ದು ನಿಂತು ಕುಣಿದಳು. ಸೈಮೋನೆ ಶಿಳ್ಳೆ ಹಾಕಿದ. ಮೇಲಿನ ಪದವಿಯವರ ಟೋಪಿ ಬೇರೆ ಥರದ್ದೆಂದು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಿಸೀಲಾ ವೇದಿಕೆಯಿಂದ ನಮ್ಮತ್ತ ನೋಡಿ ಕೈಬೀಸಿದಳು. ಅವಳ ಕೂದಲು ಭುಜದ ತನಕ ಬೆಳೆದಿತ್ತು.

ಅವಳು ಊರಿಗೆ ಹೋಗಿ ಈಗ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಾಳೆ, ಅದೇ ಮೊಳೆ ಹೊಡೆದ ಚಾವಣಿಯ ಕೆಳಗೆ. ಹೋಗುವ ದಿನ ವಿಮಾನ ನಿಲ್ದಾಣದಲ್ಲಿ ಆ ಕರವಸ್ತ್ರದ ಗಂಟನ್ನು ನನ್ನ ಕೈಗಿಟ್ಟು, "ಅತ್ತೆಗೆ ತೋರಿಸ್ಬೇಡ. ಬಿಸಾಡ್ಲೂಬೇಡ" ಎಂದಳು.

ಅಜ್ಜಿ ಹೊಸೆಯುವುದನ್ನು ನಿಲ್ಲಿಸಿಲ್ಲ. ಪಿಸೀಲಾಳಂಥ ಇನ್ಯಾರಾದರೂ ಊರಿನಿಂದ ಓದಲು ಬಂದರೆ ಬೇಕಾಗುತ್ತದೆ ಎನ್ನುತ್ತಾಳೆ. ಈಚೆಗೆ ಅವಳ ಬೆರಳು ಮಡಚುವುದಿಲ್ಲ. ಪೀಪಾಯಿಯಲ್ಲಿ ನೆನೆಹಾಕಿದ ಸಿಪ್ಪೆ ಹದಕ್ಕೆ ಬಂದಿದೆ. ನಾಳೆ ಬೆಳಿಗ್ಗೆ ನಾನು ಅದನ್ನು ತೆಗೆದು ಬಡಿದು ತಂತಿಯ ಮೇಲೆ ಒಣಹಾಕುತ್ತೇನೆ.